ಹದಿನೆಂಟು ತಪ್ಪುಗಳು

ಶುಕ್ರವಾರ ಸಂಜೆ ಆರಕ್ಕೆ ಸರಿಯಾಗಿ ಗೋಡೆಯ ಮೇಲಿನ ಓದುಕಿವಿ ಯಂತ್ರ ಸಣ್ಣಗೆ ಗುನುಗಿ ವಾರದ ಪಾಠವನ್ನು ಓದತೊಡಗಿತು. ಗುರುಸಿದ್ದವ್ವ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದ ರಾಟೆಯನ್ನು ನಿಲ್ಲಿಸಿ, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ ಕುಳಿತಳು. ಕೆರೆಯ ಹೂಳಿನ ಮೇಲೆ ಎರಡು ಪುಟ, ಇಪ್ಪತ್ತು ಕಠಿಣ ಪದಗಳ ಕಾಗುಣಿತ, ಕೊನೆಗೆ ಸಮಾಸದ ಉದಾಹರಣೆಗಳು. ಯಂತ್ರ ಒಂದೇ ಸಲ ಓದುತ್ತದೆ. ಅವಳಿಗೆ ಒಂದೇ ಸಲ ಸಾಕಾಗಿತ್ತು.

ರಬಕವಿಯ ನೇಕಾರರ ಓಣಿಗೆ ಓದುಕಿವಿ ಬಂದು ಎರಡು ವರ್ಷವಾಗಿತ್ತು. ಮನೆಪಾಠವನ್ನು ಮನೆಯವರೂ ಕೂಡಿಯೇ ಮಾಡಲಿ ಎಂಬುದು ಅದನ್ನು ರೂಪಿಸಿದವರ ಆಸೆ. ಶುಕ್ರವಾರ ಯಂತ್ರ ಮಾದರಿ ಓದು ಕೇಳಿಸುತ್ತದೆ. ಭಾನುವಾರ ಅದರ ಫಲಕದ ಮೇಲೆ ಅದೇ ಪಾಠ ಮೂಡುತ್ತದೆ. ಮನೆಯ ಹಿರಿಯರೊಬ್ಬರು ಸಾಲು ಸಾಲಾಗಿ ಓದಬೇಕು, ಮಗು ಹಿಂದೆ ಹೇಳಬೇಕು. ಹಿರಿಯರ ಓದಿನಿಂದ ಯಂತ್ರ ಆ ಮನೆಯ ಮಟ್ಟವನ್ನು ಅಳೆಯುತ್ತದೆ. ಓದು ಚೆನ್ನಾಗಿದ್ದರೆ ಪಾಠ ಬೆಳೆಯುತ್ತದೆ.

ಗುರುಸಿದ್ದವ್ವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಸಣ್ಣವಳಿದ್ದಾಗ ಅಜ್ಜಿಯ ಜೊತೆ ಮಠದ ಪಡಸಾಲೆಯಲ್ಲಿ ಕುಳಿತು ಪುರಾಣ ಕೇಳಿ ಬೆಳೆದವಳು. ಕೇಳಿದ ಪದ್ಯ ಅವಳಲ್ಲಿ ಹಾಗೆಯೇ ಉಳಿಯುತ್ತಿತ್ತು. ಮೊದಲ ಭಾನುವಾರ, ಮಗಳ ಎದುರು ನಾಚಿಕೆಯಾಗದಿರಲೆಂದು, ಫಲಕದತ್ತ ಮುಖಮಾಡಿ, ಕಣ್ಣು ಮುಚ್ಚಿ, ನೆನಪಿನಿಂದ ಒಪ್ಪಿಸಿಬಿಟ್ಟಳು. ಯಾವ ಅಕ್ಷರಕ್ಕೆ ಯಾವ ಒತ್ತು ಎಂಬುದನ್ನೂ ಬಿಡಲಿಲ್ಲ. ಯಂತ್ರ ಮೆಚ್ಚಿತು. ಮುಂದಿನ ವಾರ ಪಾಠ ಅರ್ಧ ಪುಟ ಹೆಚ್ಚಾಯಿತು. ಅಲ್ಲಿಂದ ಅವಳಿಗೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಮೂರನೇ ತರಗತಿಯಲ್ಲಿದ್ದ ಮಗಳು ದಾನೇಶ್ವರಿಗೆ ಈಗ ಏಳನೇ ಮಟ್ಟದ ಪಾಠ. ಶುಕ್ರವಾರ ಬಂತೆಂದರೆ ಗುರುಸಿದ್ದವ್ವನಿಗೆ ಊಟ ಸೇರುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಹೆಗಲಚೀಲ ಹೊತ್ತ ಹೆಂಗಸೊಬ್ಬಳು ನಿಂತಿದ್ದಳು. ಹೆಸರು ರೋಹಿಣಿ ಹೆಬಸೂರ. ಓದುಕಿವಿಯನ್ನು ರೂಪಿಸಿದ ವಿಜ್ಞಾನಿಗಳಲ್ಲಿ ಒಬ್ಬಳು.

"ಬರ್ರಿ ಮೇಡಂ, ಕುಂದರ್ರಿ. ನಮ್ಮಿಂದ ಏನರ ತಪ್ಪಾಗೇತೇನ್ರಿ?"

"ಒಂದೂ ಆಗಿಲ್ಲ ನೋಡ್ರಿ ಅಕ್ಕಾರ, ಅದಕ್ಕ ಬಂದೆ. ಎರಡು ವರ್ಷದಾಗ ಒಂದೂ ತಪ್ಪಿಲ್ಲದ ಮನಿ ಇಡೀ ಜಿಲ್ಲಾದಾಗ ಇದೊಂದ." ರೋಹಿಣಿ ಫಲಕವನ್ನು ಬಿಚ್ಚಿ ನೋಡಿದಳು. ಅವಳ ಕೈ ನಿಂತಿತು. "ಇದು ಸುಟ್ಟು ಮೂರು ವಾರ ಆಗೇತಲ್ಲ! ಖಾಲಿ ಫಲಕ ನೋಡಿ ಏನು ಓದಿದ್ರಿ?"

ಫಲಕ ಕಪ್ಪಾದದ್ದು ಗುರುಸಿದ್ದವ್ವನಿಗೆ ಗೊತ್ತೇ ಇರಲಿಲ್ಲ. ಅವಳು ಎಂದಾದರೂ ಅದನ್ನು ನೋಡಿದ್ದರೆ ತಾನೆ!

ರೋಹಿಣಿ ಮಗುವಿನತ್ತ ತಿರುಗಿದಳು. "ನಿನಗರ ಗೊತ್ತಿತ್ತೇನ, ಪುಟ್ಟಿ?"

"ಹೂಂನ್ರಿ. ಅದ್ರಾಗೇನೈತಿ? ನಾ ಅವ್ವನ ಬಾಯಿ ನೋಡಿ ಓದ್ತೀನ್ರಿ."

ರೋಹಿಣಿ ಚೀಲದಿಂದ ಕಾಗದವೊಂದನ್ನು ತೆಗೆದು ಅವಳ ಕೈಗಿತ್ತಳು. ಅದರಲ್ಲಿದ್ದುದು ಬೆಕ್ಕಿನ ಬಗ್ಗೆ ಎರಡು ಸಾಲು. ದಾನೇಶ್ವರಿ ಕಾಗದವನ್ನು ಎದೆಯ ಮಟ್ಟಕ್ಕೆ ಹಿಡಿದು, ಕಣ್ಣು ಮುಚ್ಚಿ, ಹಿಂದಿನ ವಾರದ ಪಾಠವನ್ನು ತಾಯಿಯದೇ ಧಾಟಿಯಲ್ಲಿ ಗಂಭೀರವಾಗಿ ಶುರುಮಾಡಿದಳು.

ಗುರುಸಿದ್ದವ್ವ ಮಗಳ ಕೈಯಿಂದ ಕಾಗದವನ್ನು ತೆಗೆದುಕೊಂಡಳು. ತಾನೊಬ್ಬಳೇ ಸಿಕ್ಕಿಬಿದ್ದಿದ್ದೇನೆ ಎಂದುಕೊಂಡಿದ್ದಳು. ಮಗಳನ್ನೂ ಒಳಗೆ ಎಳೆದುಕೊಂಡಿದ್ದಳು.

"ನನಗ ಓದಾಕ ಬರಂಗಿಲ್ಲರಿ," ಎಂದಳು ಕೊನೆಗೆ. "ಇಕಿಗೂ ಬರವಲ್ದು. ಮುಂದಿನ ವಾರ ಪರೀಕ್ಷಾ ಐತಿ. ಫೇಲಾದ್ರ ಜಿಲ್ಲಾದ ಓದುಮನಿಗೆ ಒಯ್ತಾರಂತ, ವರ್ಷಗಟ್ಟಲೆ ಅಲ್ಲೇ ಇಡ್ತಾರಂತ. ಖರೇ ಏನ್ರಿ?"

"ಖರೇ." ರೋಹಿಣಿಯ ದನಿ ತಗ್ಗಿತು. "ಏಳನೇ ಮಟ್ಟದ ಪರೀಕ್ಷೆ ಕೊಡ್ತಾರ. ಫೇಲಾಗ್ತಾಳ."

"ಹಂಗಾರ ಮೊದಲನೇದಕ್ಕ ಇಳಸ್ರಿ. ಕಟ್ಟಿದವರು ನೀವ ಅಲ್ಲೇನ?"

"ಕೈಯಿಂದ ಇಳಿಸೋ ಕೀಲಿಯನ್ನ ನಾವು ಇಟ್ಟೇ ಇಲ್ಲ. ಮಕ್ಕಳನ್ನ ಯಾರೂ ಹಿಂದಕ್ಕ ಎಳೀಬಾರದು ಅಂತ." ತಾನು ಕಟ್ಟಿದ ಯಂತ್ರವನ್ನು ರೋಹಿಣಿ ಹೊಸದಾಗಿ ನೋಡುವವಳಂತೆ ನೋಡಿದಳು. "ಒಂದೇ ದಾರಿ ಐತಿ. ಫಲಕದ ಮುಂದ ನಿಮ್ಮ ದನಿ ಮೂರು ತಪ್ಪು ಓದಿದ್ರ ಒಂದು ಮಟ್ಟ ಇಳೀತೈತಿ. ಆರು ಮಟ್ಟಕ್ಕ ಹದಿನೆಂಟು ತಪ್ಪು. ಪರೀಕ್ಷೆಗೆ ಮಟ್ಟ ಗೊತ್ತುಮಾಡೋದು ಇವತ್ತ ಸಂಜಿಗೆ, ಅದರೊಳಗ ಆಗಬೇಕು."

"ಅಷ್ಟೇ ಏನ್ರಿ?" ಎಂದು ಗುರುಸಿದ್ದವ್ವ ನಕ್ಕಳು.

ರೋಹಿಣಿ ಹೊಸ ಫಲಕ ಜೋಡಿಸಿದಳು. ಗುರುಸಿದ್ದವ್ವ ತಪ್ಪು ಹೇಳಲು ಬಾಯಿ ತೆರೆದಳು. ಹೂಳಿನ ಪಾಠ ಅಚ್ಚುಕಟ್ಟಾಗಿ ಹೊರಬಂತು. ಮತ್ತೆ ಯತ್ನಿಸಿದಳು. ಮತ್ತೆ ಸರಿಯಾಗಿಯೇ ಬಂತು. ಮಠದಲ್ಲಿ ಒಂದು ಸೊಲ್ಲು ತಪ್ಪಿದರೂ ಅಜ್ಜಿ ಮೊದಲಿನಿಂದ ಹೇಳಿಸುತ್ತಿದ್ದಳು. ಇಷ್ಟು ವರ್ಷ ಕಳೆದರೂ ಆ ನಾಲಿಗೆ ಅಡ್ಡದಾರಿ ಹಿಡಿಯುವಂತಿರಲಿಲ್ಲ. ಮಧ್ಯಾಹ್ನ ಮೂರಾಯಿತು. ಒಂದು ತಪ್ಪೂ ಆಗಲಿಲ್ಲ. ಬೆವರಿದಳು, ಅತ್ತಳು; ಅಳುವಿನ ನಡುವೆಯೂ ಒತ್ತಕ್ಷರಗಳು ಸ್ಪಷ್ಟವಾಗಿದ್ದವು.

"ಅವ್ವಾ, ಬಾಯಿಪಾಠ ಹೇಳಬ್ಯಾಡ," ಎಂದಳು ದಾನೇಶ್ವರಿ. "ಸುಮ್ನ ಇದನ್ನ ನೋಡು."

ಗುರುಸಿದ್ದವ್ವ ಬಾಯಿ ಮುಚ್ಚಿದಳು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಫಲಕವನ್ನು ನೋಡಿದಳು. ಬೆಳಕಿನಲ್ಲಿ ಸಾಲುಗಟ್ಟಿದ್ದ ದುಂಡು ದುಂಡು ಗುರುತುಗಳು. ತನ್ನ ಬಾಯಲ್ಲಿ ಇಷ್ಟು ದಿನ ಓಡಾಡಿದ್ದು ಇವೇ ಎಂದರೆ ನಂಬಿಕೆ ಬರಲಿಲ್ಲ. ಮಗಳು ಮೊದಲನೆಯದರ ಕೆಳಗೆ ಬೆರಳಿಟ್ಟಳು.

"ಇದು ಯಾವುದವ್ವಾ?"

ಗುರುಸಿದ್ದವ್ವ ಆ ಗುರುತಿನ ಸುತ್ತನ್ನು ಕಣ್ಣಲ್ಲೇ ಹಿಂಬಾಲಿಸಿದಳು.

"ನನಗ ಗೊತ್ತಿಲ್ಲವ್ವಾ."

"ತಪ್ಪು," ಎಂದಿತು ಓದುಕಿವಿ. "ಒಂದು."

ದಾನೇಶ್ವರಿ ಚಪ್ಪಾಳೆ ತಟ್ಟಿದಳು. ರೋಹಿಣಿ ಎದ್ದು ಬಂದು ತಾಯಿ ಮಗಳ ನಡುವೆ ನೆಲದ ಮೇಲೆ ಕುಳಿತು, ಆ ಅಕ್ಷರದ ಹೆಸರನ್ನು ಇಬ್ಬರಿಗೂ ಮೆಲ್ಲಗೆ ಹೇಳಿದಳು. ಇಬ್ಬರೂ ಅದನ್ನು ದಿಟ್ಟಿಸಿ ನೋಡಿದರು. ಆಮೇಲೆ ಹುಡುಗಿಯ ಬೆರಳು ಪಕ್ಕಕ್ಕೆ ಸರಿಯಿತು.

"ಇದು?"

ಗುರುಸಿದ್ದವ್ವ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

"ಇದೂ ಗೊತ್ತಿಲ್ಲ," ಎಂದಳು, ಈ ಸಲ ಸ್ವಲ್ಪ ಗಟ್ಟಿಯಾಗಿ.