ಮೂರನೆಯ ತುಂಡಿನ ಉಸಿರು

ಸತ್ಯವ್ವ ಬೆಳಗಾವಿಯ ಹಿಂದವಾಡಿಯ ಮನೆಯ ಬಾಗಿಲಿಗೆ ಬಂದಾಗ ಕಾಂತಾ ಹಿರೇಮಠ ಅವಲಕ್ಕಿ ತಿನ್ನುತ್ತಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದ ಸಮೃದ್ಧಿಗೆ ಅಂದಿನಿಂದ ಎರಡು ದಿನ ಉದ್ಯಮಬಾಗದ ಕಾರ್ಖಾನೆ ರಜೆ. ಅವಳೂ ಎದುರಿಗೆ ಕುಳಿತಿದ್ದಳು. ಪೊಲೀಸರ ಪ್ರಯೋಗಾಲಯದಲ್ಲಿ ವಿಷ, ರಕ್ತ, ಮಣ್ಣು ಪರೀಕ್ಷಿಸಿ ನಿವೃತ್ತರಾದ ಕಾಂತಕ್ಕನ ಹತ್ತಿರ ಹೀಗೆ ಜನ ಬರುವುದು ಅವಳಿಗೆ ಹೊಸದಲ್ಲ. ಕಾಂತಕ್ಕನ ಜೊತೆ ತಾನು ಹೊರಡುವುದೂ ಹೊಸದಲ್ಲ.

"ನನ್ನ ಗಂಡಗ ಕಳ್ಳ ಅನ್ನಾಕತ್ತಾರ್ರಿ ಅಕ್ಕಾರ," ಸತ್ಯವ್ವ ನಿಂತೇ ಹೇಳಿದಳು.

"ಕುಂದರ್ರಿ ಮೊದಲ. ಏನ ಕದ್ದಾನಂತ?"

"ಕದ್ದಿಲ್ರಿ. ನಮ್ಮ ಹೊಲಕ್ಕ ನಾವ ಕಳವಿಲೆ ಯೂರಿಯಾ ಹಾಕೇವಂತ."

"ಸ್ವಂತ ಹೊಲಕ್ಕ ಗೊಬ್ಬರ ಹಾಕಿ ಸಿಕ್ಕಬಿದ್ದ ಕಳ್ಳನ್ನ ನಾ ಇನ್ನೂ ನೋಡಿಲ್ಲ," ಎಂದು ಕಾಂತಕ್ಕ ಅವಲಕ್ಕಿಯ ತಟ್ಟೆಯನ್ನು ಅವಳ ಕಡೆ ಸರಿಸಿದರು. "ತಿನಕೋತ ಹೇಳ್ರಿ."

ಸತ್ಯವ್ವನ ಗಂಡ ನಾಗಲಿಂಗನ ಹೊಲ ಖಾನಾಪುರದಾಚೆ, ಬೀಡಿ ಊರಿನ ರಸ್ತೆಯಲ್ಲಿತ್ತು. ಈ ವರ್ಷ ಅದರಲ್ಲಿ ಸಿಹಿ ಜೋಳ ನಿಂತಿತ್ತು. ಅದರ ದಂಟಿನ ರಸದಿಂದ ಎಥೆನಾಲ್ ಮಾಡಿ ಪೆಟ್ರೋಲಿಗೆ ಬೆರೆಸಬಹುದು. ಆದರೆ ಅದು ನಿಜಕ್ಕೂ ಪೆಟ್ರೋಲಿಗಿಂತ ಸ್ವಚ್ಛವೇ ಎಂದು ತಿಳಿಯಲು ಬಿತ್ತನೆಯಿಂದ ಹಿಡಿದು ಗಾಡಿಯ ಎಂಜಿನ್ನಿನಲ್ಲಿ ಉರಿಯುವವರೆಗಿನ ಎಲ್ಲ ಹೊಗೆಯ ಲೆಕ್ಕ ಬೇಕು. ಟ್ರ್ಯಾಕ್ಟರಿನ ಡೀಸೆಲ್, ಗೊಬ್ಬರದ ಕಾರ್ಖಾನೆ, ಲಾರಿ, ಕೊನೆಗೆ ಮಣ್ಣು ತಾನೇ ಬಿಡುವ ಅನಿಲ. ಬೆಳಗಾವಿಯ ಪ್ರೊಫೆಸರ್ ಬಸಲಿಂಗಪ್ಪ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿ ಮಾಡೆಲ್ ಕಟ್ಟುತ್ತಿದ್ದರು. ಅದಕ್ಕಾಗಿ ನಾಗಲಿಂಗನ ಹೊಲವನ್ನು ಮೂರು ತುಂಡು ಮಾಡಿದ್ದರು. ಒಂದಕ್ಕೆ ತಿಪ್ಪೆ ಗೊಬ್ಬರ, ಒಂದಕ್ಕೆ ಸರಕಾರಿ ಗೊಬ್ಬರವೆನ್ನುವ ಯೂರಿಯಾ, ಮೂರನೆಯದಕ್ಕೆ ಏನೂ ಇಲ್ಲ.

"ತಿಪ್ಪಿ ಗೊಬ್ಬರದ್ದು ಎದಿಮಟ ಬಂತ್ರಿ, ಸರಕಾರಿದು ಅದರ ಮ್ಯಾಲೆ ಬಂತು. ಮೂರನೇದು ಪಾಪ, ಬಿತ್ತಿದಾಗಿಂದ ಬಡಕಲಾಗಿ ನಿಂತೈತಿ. ಹಾಕಬ್ಯಾಡ್ರಿ ಅಂದ್ರು, ಒಂದ ಚಿಟಿಕಿ ಹಾಕಿಲ್ಲ. ಈಗ ಅದರಾಗ ಏನೋ ಅನಿಲ ಏರೇತಂತ. ಪ್ರೊಫೆಸರ್ ಸರ ಸೋಮವಾರ ಮ್ಯಾಲಿನವರಿಗೆ ಬರದ ಕಳಸತಾರಂತ, ಮೋಸ ಆಗೇತಿ, ಈ ಊರ ಬ್ಯಾಡ ಅಂತ. ಊರ ಮಂದಿ ನಮ್ಮ ಮನಿಯವರ ಮಾತಿನ ಮ್ಯಾಲೆ ಮುಂದಿನ ವರ್ಷ ಸಿಹಿ ಜೋಳ ಹಾಕಾಕ ಒಪ್ಪಿದ್ರು. ಇನ್ನ ಇವರು ಯಾವ ಮಾರಿ ಹೊತಗೊಂಡ ಊರ ಕಟ್ಟಿ ಮ್ಯಾಲೆ ಕೂಡತಾರ?"

ಮರುದಿನ ಖಾನಾಪುರದ ಬಸ್ಸಿನಲ್ಲಿ ಸಮೃದ್ಧಿ ತನ್ನ ಅನುಮಾನ ಹೇಳಿದಳು. ಇದನ್ನು ಮಾಡಿದವನು, ಸತ್ಯವ್ವ ಹೇಳಿದ್ದ, ಪ್ರೊಫೆಸರರಿಗಾಗಿ ಹೊಲದ ಅನಿಲ ಹಿಡಿಯುವ ಸಹಾಯಕ ಚೇತನನೇ ಇರಬೇಕು; ಬಾಟಲಿಗಳೆಲ್ಲ ಅವನ ಕೈಯಲ್ಲಿ.

"ಇರಬಹುದು," ಎಂದರು ಕಾಂತಕ್ಕ, "ಆದ್ರ ನೋಡದ ಮನಷ್ಯಾನ್ನ ಬಸ್ಸಿನಾಗ ಜೇಲಿಗೆ ಹಾಕಬ್ಯಾಡ."

ಹೊಲದಲ್ಲಿ ಪ್ರೊಫೆಸರರೂ ಚೇತನನೂ ಇದ್ದರು. ಸತ್ಯವ್ವ ಬೇವಿನ ಕೆಳಗೆ ಚಹಾಕ್ಕೆ ಒಲೆ ಹೂಡುತ್ತಿದ್ದಳು. ನಾಗಲಿಂಗ ದೂರದ ಬದುವಿನ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಪ್ರತಿ ತುಂಡಿನಲ್ಲೂ ಎರಡೆರಡು ಉಕ್ಕಿನ ಚೌಕಟ್ಟುಗಳನ್ನು ಮಣ್ಣಿಗೆ ಇಳಿಸಿದ್ದರು. ಅಳೆಯುವ ದಿನ ಅವುಗಳ ಮೇಲೆ ಡಬ್ಬಿ ಮುಚ್ಚಿ, ಒಳಗೆ ಕೂಡಿದ ಅನಿಲವನ್ನು ಚೇತನ ಸಿರಿಂಜಿನಿಂದ ಎಳೆದು ಬಾಟಲಿಗೆ ತುಂಬುತ್ತಿದ್ದ. ಮೂರನೆಯ ತುಂಡಿನಲ್ಲಿ ಬದುವಿನ ಹತ್ತಿರದ ಚೌಕಟ್ಟಿನ ಅಳತೆ ಮಾತ್ರ ಕೆಟ್ಟಿತ್ತು.

"ಇದು ಏರಿದರ ಯಾರಿಗೆ ಲಾಭ ಗೊತ್ತೇನ್ರಿ?" ಪ್ರೊಫೆಸರ್ ಹೇಳಿದರು. "ಗೊಬ್ಬರದಿಂದ ಎಷ್ಟು ಅನಿಲ ಬಂತು ಅಂತ ತಿಳಿಯಾಕ ಗೊಬ್ಬರದ ತುಂಡಿನ ಸಂಖ್ಯೆದಾಗ ಇದನ್ನ ಕಳೀತೀವಿ. ಕಳಿಯೂದು ದೊಡ್ಡದಾದ್ರ ಉಳಿಯೂದು ಸಣ್ಣದು. ಬೆಳಿ ಇದ್ದದ್ದಕ್ಕಿಂತ ಸ್ವಚ್ಛ ಕಾಣತೈತಿ, ಬೆಳದ ರೈತಗ ಲಾಭ. ನಾನ ನಾಗಲಿಂಗಗ ಇದನ್ನ ತಿಳಿಸಿ ಹೇಳಿದ್ದೆ. ಅವನ ಶೆಡ್ಡಿನಾಗ ಅರ್ಧ ಚೀಲ ಯೂರಿಯಾ ಐತಿ. ಎರಡನೇ ಚೌಕಟ್ಟಿಗೆ ಹಾಕೂದ್ರಾಗ ಯಾರೋ ಬಂದಿರಬೇಕು."

"ಅದು ಭತ್ತದ್ದು," ನಾಗಲಿಂಗ ತಿರುಗದೆಯೇ ಹೇಳಿದ.

ಕಾಂತಕ್ಕ ಚೌಕಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. "ಚೇತನ, ಏರಿದ ಅನಿಲ ಯಾವುದಪಾ?"

"ನೈಟ್ರಸ್ ಆಕ್ಸೈಡ್ ರಿ. ಇಂಗಾಲದ ಡೈಆಕ್ಸೈಡೂ ಏರೇತಿ, ಭಾಳ. ಎರಡು ವಾರ ಆತು, ಇನ್ನೂ ಇಳದಿಲ್ಲ."

ಸಮೃದ್ಧಿಯೂ ಬಗ್ಗಿ ನೋಡಿದಳು. ಚೌಕಟ್ಟಿನ ಒಂದು ಮೂಲೆಯ ಮಣ್ಣು ಸಡಿಲವಾಗಿತ್ತು. ಉಕ್ಕಿನ ಅಂಚು ದಾಟಿ ಇರುವೆಗಳ ಸಾಲು ಆ ಮೂಲೆಗೆ ಇಳಿಯುತ್ತಿತ್ತು. ಪಕ್ಕಕ್ಕೇ ತಾಗಿ ನಿಂತ ಎರಡು ಜೋಳದ ಗಿಡ ಉಳಿದವುಗಳಂತೆಯೇ ಹಳದಿ. ಕಾಂತಕ್ಕ ಒಂದು ಚಿಟಿಕೆ ಮಣ್ಣು ಮೂಗಿಗೆ ಹಿಡಿದು, ಅವಳ ಮೂಗಿಗೂ ಹಿಡಿದರು. ಹುಳಿ ವಾಸನೆ.

"ಇದು ಸರಿ ಇದ್ದದ್ದು ಯಾವಾಗ, ಕೆಟ್ಟದ್ದು ಯಾವಾಗ?"

"ಒಂದು ಸೋಮವಾರ ಸರಿ ಇತ್ರಿ. ಮುಂದಿನ ಸೋಮವಾರ ಬಂದ್ರ ಹಿಂಗ."

"ಆ ನಡುವಿನ ವಾರ ನೀವೆಲ್ಲಾರೂ ಏನೇನ ಉಂಡ್ರಿ?"

ಪ್ರೊಫೆಸರ್ ಕನ್ನಡಕ ತೆಗೆದರು. "ಬಾಯಾರ, ಇದು ತನಿಖೆನೋ ಲಗ್ನದ ಅಡಗಿ ಲೆಕ್ಕನೋ?"

"ಮಂದಿ ವಾರ ಮರೀತಾರ್ರಿ, ಊಟ ಮರಿಯೂದಿಲ್ಲ."

ಚೇತನ ಕ್ಯಾಂಟೀನಿನಲ್ಲಿ ಉಂಡಿದ್ದ. ಪ್ರೊಫೆಸರರ ಮನೆಯಲ್ಲಿ ದಿನಾ ರೊಟ್ಟಿ ಪಲ್ಯ, ಒಂದು ದಿನ ಮಾತ್ರ ಕರ್ಚಿಕಾಯಿ. ನಾಗಲಿಂಗ ಈಗ ತಿರುಗಿದ. "ಹೋಳಿಗಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮೊಸರನ್ನ. ಬೀಗರು ಬಂದಿದ್ರು. ಇಲ್ಲೇ ಹೊಲದಾಗ ಕೂತು ಉಂಡ್ವಿ. ಅದೂ ತಪ್ಪೇನ್ರಿ?"

"ತಪ್ಪಲ್ಲ. ಎಲ್ಲಾರೂ ಬೇವಿನ ನೆಳ್ಳಿಗೆ ಬರ್ರಿ. ಸತ್ಯವ್ವನ ಚಹಾ ಆಗೇತಿ ಅನಸತೈತಿ."

ಬೇವಿನ ಕೆಳಗೆ ಎಲ್ಲರ ಕೈಗೂ ಚಹಾ ಬಂತು. ಕಾಂತಕ್ಕ ಸಮೃದ್ಧಿಗೆ ಪಾಠ ಹೇಳುವವರಂತೆ ಶುರು ಮಾಡಿದರು.

"ಮೊದಲ, ಇದು ಯೂರಿಯಾ ಅಲ್ಲ. ಯೂರಿಯಾ ಹಾಕಿದ್ರ ನೈಟ್ರಸ್ ಆಕ್ಸೈಡ್ ಏರತೈತಿ, ಖರೇ. ಇಂಗಾಲದ ಅನಿಲ ಸ್ವಲ್ಪ ಎದ್ದು ಲಗೂನ ಇಳೀತೈತಿ. ಇಲ್ಲಿ ಎರಡು ವಾರ ಆದರೂ ಇಳದಿಲ್ಲ. ಅಂದ್ರ ಮಣ್ಣಾಗ ಏನೋ ಕೊಳ್ಯಾಕತ್ತೇತಿ. ಎರಡನೇದು, ಬಾಜೂ ನಿಂತ ಗಿಡದ ಬೇರಿಗೆ ಯೂರಿಯಾ ತಾಗಿದ್ರ ಇಷ್ಟರಾಗ ಅವು ಕಡು ಹಸರ ಆಗಬೇಕಿತ್ತು. ಹಳದೀನ ಅದಾವು. ಮೂರನೇದು ಇರವಿ. ಯೂರಿಯಾ ತಿನ್ನಾಕ ಇರವಿ ಪಾಳಿ ಹಚ್ಚೂದಿಲ್ರಿ."

"ಹಂಗಾದ್ರ ಏನದು?" ಪ್ರೊಫೆಸರ್ ಕೇಳಿದರು.

"ಊಟ. ಆ ವಾರ ಯಾವ ಹಬ್ಬ ಬಂತು ಸರ? ನಿಮ್ಮ ಮನ್ಯಾಗ ಕರ್ಚಿಕಾಯಿ ಯಾಕ ಆದವು?"

ಪ್ರೊಫೆಸರ್ ಬಟ್ಟಲು ಕೆಳಗಿಟ್ಟರು. ಅವರೂ ಬೈಲಹೊಂಗಲದ ಕಡೆಯ ಒಕ್ಕಲುತನದ ಮನೆಯವರು. "ಶೀಗಿ ಹುಣ್ಣಿಮಿ," ಎಂದರು.

ಶೀಗಿ ಹುಣ್ಣಿಮೆಗೆ ತುಂಬು ಬೆಳೆ ಹೊತ್ತ ಭೂಮಿ ಬಸುರಿ. ಬಸುರಿಗೆ ಬಯಕೆಯ ಊಟ ಬೇಕೆಂದು ಹಬ್ಬದ ಅಡಿಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಚೆಲ್ಲಿದ್ದು ಅಗುಳು ಅಗುಳಾಗಿ ಬೀಳುತ್ತದೆ, ಹಕ್ಕಿಗಳು ಹೆಕ್ಕುತ್ತವೆ, ಮೂರೂ ತುಂಡಿಗೆ ಸಮ. ಆದರೆ ಈ ಚೌಕಟ್ಟಿನಲ್ಲಿ ಯಾರೋ ಊಟವನ್ನು ಹೂತಿದ್ದರು.

"ಚರಗ ನಾ ಚೆಲ್ಲಿದೆ, ಹೂಳಿಲ್ರಿ," ಎಂದ ನಾಗಲಿಂಗ.

"ಗೊತ್ತು. ಲೆಕ್ಕ ಕೆಡಸೂ ಮನಷ್ಯಾ ಹೋಳಿಗಿ ತರೂದಿಲ್ಲ. ಇದನ್ನ ಮಾಡಿದಾಕಿಗೆ ಲೆಕ್ಕದ ಕಾಳಜಿ ಇರಲಿಲ್ಲ, ಆ ತುಂಡಿನ ಕಾಳಜಿ ಇತ್ತು." ಕಾಂತಕ್ಕ ದನಿ ತಗ್ಗಿಸಿದರು. "ನಿನ್ನೆ ನನ್ನ ಮನ್ಯಾಗ ಒಬ್ಬಾಕಿ ಮೂರೂ ತುಂಡಿನ ಕತಿ ಹೇಳಿದ್ಲು. ಒಂದಕ್ಕ ಮಾತ್ರ 'ಪಾಪ' ಅಂದ್ಲು."

ಸಮೃದ್ಧಿಗೆ ಆ ಮಾತು ನೆನಪಿತ್ತು. ತಾನೂ ಕೇಳಿದ್ದಳು, ಅವಲಕ್ಕಿಯ ತಟ್ಟೆಯ ಎದುರಿಗೇ.

ಸತ್ಯವ್ವ ಚಹಾದ ಪಾತ್ರೆಯನ್ನು ನೆಲಕ್ಕಿಟ್ಟಳು. ಮುಖದಲ್ಲಿ ಭಯಕ್ಕಿಂತ ಬೆರಗು ಹೆಚ್ಚಿತ್ತು.

"ಗೊಬ್ಬರ ಹಾಕೀಯೇನು ಅಂತ ಕೇಳಿದ್ರು. ಹಾಕಿಲ್ಲ ಅಂದೆ, ಖರೇನ ಐತಿ. ಊಟ ಹಾಕೀಯೇನು ಅಂತ ಯಾರೂ ಕೇಳಲಿಲ್ರಿ." ಅವಳು ಹೊಲದ ಕಡೆ ಕೈ ತೋರಿಸಿದಳು. "ಎರಡು ತುಂಡು ಹೊಟ್ಟಿ ತುಂಬ ಉಂಡು ನಿಂತಿದ್ವು. ಅದೊಂದ ಬಸುರಿ ಉಪಾಸ. ಮ್ಯಾಲೆ ಡಬ್ಬಿ ಬ್ಯಾರೆ ಮುಚ್ಚತಾರ. ಆ ಚೌಕ ನೋಡಿದ್ರ ಪೂಜಿ ಕಟ್ಟಿ ಇದ್ದಂಗ ಇತ್ತು. ಎರಡು ಹೋಳಿಗಿ, ಒಂದ ಬೊಗಸಿ ಮೊಸರನ್ನ ಅಲ್ಲೇ ಹೂತು ಕೈ ಮುಗದೆ. ನಾನ ಇವರ ಕುತಗಿಗೆ ಬಂದೆನೇನು?"

ನಾಗಲಿಂಗ ಹೆಂಡತಿಯನ್ನೇ ನೋಡುತ್ತಿದ್ದ.

"ಅವತ್ತ ಹೋಳಿಗಿ ಮುಗದಾವು ಅಂದಿ ನನಗ," ಎಂದ. "ಬೀಗರು ಉಂಡ್ರು ಅನಕೊಂಡಿದ್ದೆ."

ಮೊದಲು ನಕ್ಕವನು ಚೇತನ. ಆಮೇಲೆ ಪ್ರೊಫೆಸರರೂ ನಕ್ಕರು, ನಕ್ಕು ಎದ್ದು ಬಂದು ನಾಗಲಿಂಗನ ಎದುರು ನಿಂತರು.

"ನಾ ನಿನಗ ಕಳ್ಳ ಅಂದೆ. ತಪ್ಪಾತು ನಾಗಲಿಂಗಪ್ಪ. ಊರ ಮುಂದ ಅಂದೇನಿ, ತಪ್ಪಾತು ಅಂತ ಊರ ಮುಂದನ ಹೇಳತೀನಿ. ಇವತ್ತ ಸಂಜೀಕ, ಕಟ್ಟಿಗೆ ಬಂದು."

"ಸಂಖ್ಯೆ ಏನ ಮಾಡೂಣ್ರಿ ಸರ?" ಚೇತನ ಕೇಳಿದ.

"ಈ ಚೌಕಟ್ಟಿಂದು ಹುಣ್ಣಿಮಿ ಆದ ಮ್ಯಾಲಿನ ಅಳತಿ ಅಷ್ಟ ಬಿಡು. ಯಾಕ ಬಿಟ್ಟೀವಿ ಅಂತ ಇದ್ದದ್ದು ಇದ್ದಂಗ ಬರಿ. ಬಾಜೂ ಚೌಕಟ್ಟು ಸ್ವಚ್ಛ ಐತಿ, ಅದರ ಮ್ಯಾಲೆ ನಡೀತೈತಿ. ಊರು ಉಳೀತು."

ಸತ್ಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೂ ಕದಲಲಿಲ್ಲ. "ಸರ, ಮುಂದಿನ ವರ್ಷನೂ ಅದಕ್ಕ ಉಪಾಸ ಏನ್ರಿ?"

"ಒಂದು ತುಂಡು ಉಪಾಸ ಇರಾಕಬೇಕವ್ವಾ. ಅದಿಲ್ಲದ ಉಳದದ್ದು ಏನ ಉಂಡು ಎಷ್ಟು ಉಸರ ಬಿಡತು ಅಂತ ತಿಳಿಯೂದಿಲ್ಲ."

"ಅದ ಯಾಕ ಇರಬೇಕ್ರಿ?"

ಪ್ರೊಫೆಸರ್ ಹೊಲದ ಕಡೆ ನೋಡಿದರು. "ಅದ ಇರಬೇಕಂತ ಇಲ್ಲ," ಎಂದರು ನಿಧಾನವಾಗಿ. "ಮಾಡೆಲ್ಲಿನಾಗ ಜಾಗಾ ಬದಲಿ ಮಾಡಾಕ ಬರತೈತಿ. ಸುಗ್ಗಿ ಆದ ಮ್ಯಾಲೆ ಇದಕ್ಕ ತಿಪ್ಪಿ ಗೊಬ್ಬರ ಹಾಕೂಣು. ಮತ್ತೊಂದು ತುಂಡು ಉಪಾಸ ಇರಲಿ."

"ಪಾಳಿ ಮ್ಯಾಲೆ ಉಪಾಸ ಆದ್ರ ಅಡ್ಡಿ ಇಲ್ರಿ," ಎಂದಳು ಸತ್ಯವ್ವ. "ನಮ್ಮ ಮನ್ಯಾಗೂ ಹಂಗ. ಸೋಮವಾರ ಇವರು, ಶುಕ್ರವಾರ ನಾನು."

"ಮುಂದಿನ ಪಾಳಿ ಯಾವುದಕ್ಕ, ನೀವ ಹೇಳ್ರಿ," ಎಂದರು ಕಾಂತಕ್ಕ.

ಸತ್ಯವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬದುವಿನ ಮೇಲೆ ಹೊರಟಳು. ಯಾವ ತುಂಡು ಒಂದು ವರ್ಷ ತಡೆದೀತು ಎಂದು ನೋಡಬೇಕಿತ್ತು. ಪ್ರೊಫೆಸರ್ ಬೇವಿನ ಬುಡದಲ್ಲಿ ಚಪ್ಪಲಿ ಬಿಟ್ಟು ಅವಳ ಹಿಂದೆ ನಡೆದರು.