ಪುಸ್ತಕದಲ್ಲಿಲ್ಲದ ಹುಡುಗಿ

ಕುಷ್ಟಗಿ ಬಸ್ ನಿಲ್ದಾಣದೆದುರು ದುರುಗವ್ವ ಅಡ್ಡ ನಿಂತಳು ನೋಡಿ, ಪ್ರಚಾರದ ಆಟೋ ಗಕ್ಕನೆ ನಿಂತಿತು. ಅವಳ ಕಣ್ಣಲ್ಲಿ ಎಂಥ ಬೆಂಕಿ ಎಂದರೆ, ಅವತ್ತು ಯಲಬುರ್ಗಾದ ತನಕ ಒಲೆ ಹೊತ್ತಿಸಲು ಯಾರಿಗೂ ಕಡ್ಡಿಪೆಟ್ಟಿಗೆ ಬೇಕಾಗಲಿಲ್ಲ!

ಒಳಗೆ ಒಂದು ಕೈಯಲ್ಲಿ ಮೈಕ್ ಹಿಡಿದು ಆಟೋ ಓಡಿಸುತ್ತಿದ್ದವನು ಅವಳ ಗಂಡ ಕೃಷ್ಣ.

“ಯಾರ್ರೀ ಆಕಿ?”

“ಯಾವಾಕಿ?”

“ರೊಟ್ಟಿ ಕೊಟ್ಟಾಕಿ.”

ಕೃಷ್ಣ ಮೈಕ್ ಆರಿಸಿದ. ಮೈಕ್ ಹಿಡಿದ ಮೇಲೆ ಅವನು ಸುಮ್ಮನಾದದ್ದು ಅದೇ ಮೊದಲು ಎಂದು ಇಡೀ ಜಿಲ್ಲೆ ಹೇಳುತ್ತದೆ.

ಆದದ್ದು ಇಷ್ಟು. ಅಳವಂಡಿಯ ಟೀಚರ್ ದುರುಗವ್ವ ಮಕ್ಕಳಿಗಾಗಿ ಒಂದು ಕಾದಂಬರಿ ಬರೆದಿದ್ದಳು. ಆಂಧ್ರದಿಂದ ಗಂಗಾವತಿಯ ಕಾಲುವೆ ಬಯಲಿಗೆ ವಲಸೆ ಬಂದ ಬುಜ್ಜಿ ಎಂಬ ಹುಡುಗನ ಕತೆ. ಕನ್ನಡ ಬಾರದ ಬುಜ್ಜಿ ಶಾಲೆಯಲ್ಲಿ ಒಂಟಿಯಾಗಿ ಕೂರುತ್ತಾನೆ. ಕೊನೆಯ ಪುಟದಲ್ಲೂ ಒಂಟಿಯೇ. ಬುಜ್ಜಿ ಬೇರಾರೂ ಅಲ್ಲ, ಕೃಷ್ಣನೇ. ತನ್ನ ಬಾಲ್ಯವನ್ನು ಅವನೇ ಹೇಳಿ ಹೇಳಿ ಬರೆಸಿದ್ದ.

ಪುಸ್ತಕ ಗೆದ್ದಿತು. ಎಷ್ಟು ಗೆದ್ದಿತೆಂದರೆ, ಓದಿದ ಮಕ್ಕಳ ಕಣ್ಣೀರಿಗೆ ಎಡದಂಡೆ ಕಾಲುವೆ ಒಂದು ಗೇಣು ಏರಿತು! ಕೃಷ್ಣನ ಹೆಮ್ಮೆಯಂತೂ ಆಟೋದಲ್ಲಿ ಹಿಡಿಸಲಿಲ್ಲ. ಸೀರೆ ಸೇಲ್ ಇರಲಿ, ಕಣ್ಣಿನ ಶಿಬಿರ ಇರಲಿ, ಪ್ರಚಾರದ ನಡುವೆ ಹೆಂಡತಿಯ ಕತೆಯನ್ನು ತೂರಿಸುವನು. ಇಟಗಿ ಗುಡಿಯ ಕಲ್ಲಿನ ಮೂರ್ತಿಗಳಿಗೂ ಅದು ಬಾಯಿಪಾಠವಾಗಿತ್ತು.

ಅವತ್ತು ಕುಷ್ಟಗಿಯ ಶಾಲೆಯೊಂದು ದುರುಗವ್ವನನ್ನು ಕರೆದಿತ್ತು. ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: ಬುಜ್ಜಿಗೆ ಅರ್ಧ ರೊಟ್ಟಿ ಮುರಿದುಕೊಟ್ಟ ಹುಡುಗಿ ಮುಂದೆ ಏನಾದಳು?

ದುರುಗವ್ವ ತಬ್ಬಿಬ್ಬಾದಳು. ಅಂಥ ಹುಡುಗಿಯನ್ನು ಅವಳು ಬರೆದೇ ಇರಲಿಲ್ಲ! ಆಟೋ ಮಾಮಾ ಹೇಳಿದ್ದು ಎಂದವು ಮಕ್ಕಳು. ಪಕ್ಕದಲ್ಲಿದ್ದ ಖೈರುನಬಿ ಟೀಚರ್ ಸೆರಗಿನ ಮರೆಯಲ್ಲಿ ನಕ್ಕಳು. “ಗಂಡಸರ ಮನಸಿನ್ಯಾಗ ಒಂದು ಹಳೇ ರೊಟ್ಟಿ ಇದ್ದ ಇರತೈತ್ರೀ.”

ದುರುಗವ್ವನ ತಲೆ ಗಿರ್ರೆಂದಿತು. ಎಲ್ಲವನ್ನೂ ಹೇಳಿದವನು ಆಕೆಯನ್ನು ಮಾತ್ರ ಮುಚ್ಚಿಟ್ಟನೇ? ಅಥವಾ ನಾನು ಬರೆದ ಕೊನೆ ಅವನಿಗೆ ಹಿಡಿಸಲಿಲ್ಲವೇ? ಯಾವುದಕ್ಕೆ ಸಿಟ್ಟಾಗಬೇಕೆಂದೂ ತಿಳಿಯದೆ ನೇರ ಬಂದು ಆಟೋಗೆ ಅಡ್ಡ ನಿಂತಿದ್ದಳು...

ಕೃಷ್ಣ ಹ್ಯಾಂಡಲ್ ಮೇಲಿನ ಧೂಳು ಒರೆಸಿದ. ಧೂಳು ಹೋದ ಮೇಲೂ ಒರೆಸಿದ.

“ಸಾಲ್ಯಾಗ ಅಂಥಾಕಿ ಯಾರೂ ಇರಲಿಲ್ಲ. ನೀ ಬರದದ್ದ ಖರೇ.”

“ಮತ್ತ?”

“ಯಲಬುರ್ಗಾದಾಗ ಕತಿ ಹೇಳಾಕತ್ತಿದ್ದೆ. ಒಂದು ಸಣ್ಣ ಕೂಸು ಕೇಳ್ತು, ಅವನ ಬಾಜೂಕ ಯಾರೂ ಕುಂದರಲೇ ಇಲ್ಲೇನ್ರಿ ಅಂತ. ಇಲ್ಲ ಅನ್ನಾಕ ನಾಲಿಗಿ ಏಳಲಿಲ್ಲ.”

“ಅದಕ್ಕ ಯಾರನ್ನ ಕರಕೊಂಡು ಬಂದ್ರಿ?”

“ನಿನ್ನ.”

ದುರುಗವ್ವನಿಗೆ ಇನ್ನಷ್ಟು ಗೊಂದಲ.

“ಲಗ್ನದ ಮರುದಿನ ನಿನ್ನ ತಾಟಿನ್ಯಾಗಿನ ರೊಟ್ಟಿ ಮುರದು ಕೊಟ್ಟು ನನ್ನ ಬಾಜೂಕ ಕುಂತಿ. ಅಲ್ಲೀತನಕ ಹಂಗ ಯಾರೂ ಕುಂತಿರಲಿಲ್ಲ. ನಾ ಕಾದೆ, ಆತು. ಬುಜ್ಜಿ ಯಾಕ ಅಷ್ಟು ವರ್ಷ ಕಾಯಬೇಕು? ನಿನ್ನ ಸ್ವಲ್ಪ ಲಗೂ ಕಳಿಸಿದೆ.”

ಆ ಕ್ಷಣ ಹುಬ್ಬಳ್ಳಿಯಿಂದ ಹೊಸಪೇಟೆಯ ತನಕ ಬಸ್ಸುಗಳೆಲ್ಲ ಹಾರ್ನ್ ಮರೆತವು. ಕೊನೆಯ ಪುಟದಲ್ಲಿ ತಾನು ಬಿಟ್ಟುಬಂದಿದ್ದ ಹುಡುಗ ಡ್ರೈವರ್ ಸೀಟಿನಲ್ಲಿ ಕೂತಿರುವುದು ದುರುಗವ್ವನಿಗೆ ಕಂಡಿತು.

“ಸ್ವಲ್ಪ ಅತ್ತಾಗ ಸರೀರಿ,” ಎಂದಳು.

“ಇದು ಒಬ್ಬರ ಸೀಟು, ದುರುಗಾ.”

“ಗೊತ್ತೈತಿ. ಸರೀರಿ.”