ಗುಡುಗಮ್ಮನ ಮಗನಿಗೊಂದು ಹೆಸರು

"ಗುಡುಗಮ್ಮ ಅಂದ್ರೆ ಯಾರ್ರೀ?!"

ಸೊರಬದ ಬಸ್‌ಸ್ಟ್ಯಾಂಡ್ ಹಿಂದಿನ ಟೈಲರ್ ಅಂಗಡಿಯ ಬಾಗಿಲಲ್ಲಿ ನಿಂತವನ ಕೈಯಲ್ಲಿ ಹಸಿರು ರವಿಕೆ. ಅದಕ್ಕೆ ಗುಂಡುಪಿನ್ನಿನಲ್ಲಿ ಚುಚ್ಚಿದ ಒಂದು ಚೀಟಿ.

ಮಷಿನ್ ತುಳಿಯುತ್ತಿದ್ದ ನಾಗವೇಣಿಯ ಕಾಲು ಅಲ್ಲೇ ನಿಂತಿತು.

'ಅಯ್ಯೋ ದೇವರೇ... ಚೀಟಿ ಕೀಳೋದು ಮರೆತೆನಲ್ಲಾ!'

ಅವಳ ಅಂಗಡಿಗೆ ಬರುವ ಮಂಜಮ್ಮಂದಿರೇ ಹತ್ತಾರು. ಹೆಸರು ಬರೆದಿಟ್ಟರೆ ಒಬ್ಬರ ರವಿಕೆ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರಿಟ್ಟು ಬಟ್ಟೆಗೆ ಚುಚ್ಚುತ್ತಿದ್ದಳು. ಗಿರಾಕಿ ಬಂದಾಗ ಚೀಟಿ ಕಿತ್ತು, ಏನೂ ಅರಿಯದವಳಂತೆ ನಗುತ್ತಿದ್ದಳು. ಈ ಸಲ ಎಡವಟ್ಟಾಗಿತ್ತು!

"ಅವರು... ನಿಮ್ಮ ತಾಯಿಯಾ?"

"ಹೌದ್ರೀ. ತಾಳಗುಂದದ ದುರ್ಗಮ್ಮ. ತವರು ಸೊರಬ ಅಂತ ರವಿಕೆ ಇಲ್ಲೇ ಹೊಲಿಸ್ಬೇಕು ಆಕೆಗೆ. ಚೀಟಿ ನಮ್ಮಪ್ಪನ ಕೈಗೆ ಸಿಕ್ತು. ಜೋರಾಗಿ ಓದಿಬಿಟ್ರು."

"ಆಮೇಲೆ?"

"ಆಮೇಲೇನು... ಗುಡುಗು, ಸಿಡಿಲು, ಎರಡೂ ಆಯ್ತು!"

ಅವನ ಹುಬ್ಬು ಗಂಟಿಕ್ಕಿತ್ತು. ಆದರೆ ತುಟಿಯ ಮೂಲೆ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ತಡೆದ, ತಡೆದ... ಕೊನೆಗೆ ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕ.

"ನಮ್ಮವ್ವ ಹಿತ್ತಲಾಗೆ ಮಾತಾಡಿದ್ರೆ ಶಿರಾಳಕೊಪ್ಪಕ್ಕೆ ಕೇಳ್ತೈತಿ. ಸರಿಯಾಗೇ ಇಟ್ಟೀರಿ ಬಿಡ್ರೀ!"

ನಾಗವೇಣಿಗೂ ನಗು ಬಂತು. ಅದರ ಜೊತೆಗೆ ಇನ್ನೇನೋ ಬಂತು... ಅದಕ್ಕೆ ಹೆಸರಿಡಲು ಅವಳಿಗೂ ತಿಳಿಯಲಿಲ್ಲ.

ಅಲ್ಲಿಂದಾಚೆಗೆ ದುರ್ಗಮ್ಮನ ಮಗ ತೀರ್ಥೇಶನ ಬಟ್ಟೆಗಳೆಲ್ಲ ಇದ್ದಕ್ಕಿದ್ದಂತೆ ಹರಿಯತೊಡಗಿದವು. ಒಂದು ವಾರ ಅಂಗಿಯ ಗುಂಡಿ. ಇನ್ನೊಂದು ವಾರ ಪ್ಯಾಂಟಿನ ಜೇಬು. ಗೂಡ್ಸ್ ಆಟೋ ಓಡಿಸುವವನಿಗೆ ಎಲ್ಲಿಯ ಬಾಡಿಗೆ ಸಿಕ್ಕರೂ ದಾರಿ ಮಾತ್ರ ಸೊರಬದ ಮೇಲೆಯೇ!

ಬಂದವನಿಗೆ ಅವಳು ಪೇಟೆಯ ಪರಿಚಯ ಮಾಡಿಕೊಡುತ್ತಿದ್ದಳು. ಕೂಗಿದರೆ ಒಂದು ಗಂಟೆ ಬಿಟ್ಟು ಚಹಾ ತರುವ ಯತೀಶ 'ಬಂದೆ-ಬಂದೆ'. ಅವಳೂರು ಕುಪ್ಪಗಡ್ಡೆಯ ಬಸ್ಸಿನ ಕಂಡಕ್ಟರ್ 'ಒಳಗ್‌ಹೋಗಿ'. ಪಕ್ಕದ ಬಳೆ ಅಂಗಡಿಯ ತಿಮ್ಮಮ್ಮ 'ಬಿಸಿಸುದ್ದಿ'. ನಾಗವೇಣಿ ಬೆಳಿಗ್ಗೆ ಇಟ್ಟ ಹೆಸರನ್ನು ತಿಮ್ಮಮ್ಮ ಸಂಜೆಯೊಳಗೆ ಪೇಟೆಗೆಲ್ಲ ಹಂಚಿ ಮುಗಿಸುತ್ತಿದ್ದಳು.

ಒಂದು ದಿನ ತೀರ್ಥೇಶ ತನ್ನ ಅಂಗಿಯ ಮೇಲಿನ ಚೀಟಿ ನೋಡಿದ.

'ತೀರ್ಥೇಶ್, ತಾಳಗುಂದ.'

"ಇಷ್ಟೇನಾ?" ಅವನ ಮುಖ ಸಣ್ಣದಾಯಿತು. "ಯತೀಶಂಗೂ ಹೆಸರೈತಿ, ಕಂಡಕ್ಟರಿಗೂ ಐತಿ... ನಂಗೆ?"

ಅವಳು ಸೂಜಿಗೆ ದಾರ ಪೋಣಿಸುತ್ತ ತಲೆ ತಗ್ಗಿಸಿದಳು.

"ನಿಮಗೆ... ಇಲ್ಲ."

ಆ ಕ್ಷಣ ಅವಳ ಕೆನ್ನೆ ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ಅವನು ಚೀಟಿಯನ್ನೇ ನೋಡುತ್ತಿದ್ದ.

'ಅಂದ್ರೆ ನಾನು ಬರೀ ಗಿರಾಕಿ...'

ಮರುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಂದದ್ದು ಫೋನು!

"ಏ ತಂಗೀ! ನಾನು, ಗುಡುಗಮ್ಮ!"

ನಾಗವೇಣಿ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಳು.

"ಭಾನುವಾರ ಮಗಂಗೆ ಹೆಣ್ಣು ನೋಡಾಕೆ ಶಿಕಾರಿಪುರಕ್ಕೆ ಹೊಂಟೀವಿ! ಬಸ್ಸಿನಾಗೆ ರವಿಕೆ ಬಟ್ಟೆ ಕಳಿಸೀನಿ. ಶನಿವಾರದೊಳಗೆ ಹೊಲಿದು ಕೊಡವ್ವಾ!"

ಅವನಿಗೆ ಹೆಣ್ಣು ನೋಡಲು ಹೋಗುವ ರವಿಕೆಯನ್ನು... ತಾನೇ ಹೊಲಿಯಬೇಕು!

ಹೊಲಿದಳು. ನಡುವೆ ಎರಡು ಸೂಜಿ ಮುರಿದವು. ತಿಮ್ಮಮ್ಮನಿಗೆ ಯಾರೂ ಸುದ್ದಿ ಹೇಳಬೇಕಾಗಿರಲಿಲ್ಲ. ದುರ್ಗಮ್ಮನ ಫೋನು ಬಳೆ ಅಂಗಡಿಗೂ ಕೇಳಿಸಿತ್ತು.

"ರವಿಕೆ ಬಸ್ಸಿಗೆ ಹಾಕ್ತೀಯೋ, ನೀನೇ ಕೊಟ್ಟು ಬರ್ತೀಯೋ?"

"ನಾನ್ಯಾಕೆ ಹೋಗ್ಲಿ ತಿಮ್ಮಮ್ಮಾ..."

"ಊರಿಗೆಲ್ಲ ಹೆಸರಿಡೋ ಬಾಯಿ ಮಾರಾಯ್ತಿ ನಿಂದು! ಒಂದು ಮಾತು ಆಡೋಕೆ ಹೆದರಿಕೆನಾ? ಹೋಗು, ಅಂಗಡಿ ನಾನು ನೋಡ್ಕೊಳ್ತೀನಿ."

ಶನಿವಾರ ಮಧ್ಯಾಹ್ನ ತಾಳಗುಂದದ ಆ ಮನೆಯಂಗಳದ ತುಂಬ ಮೆಕ್ಕೆಜೋಳ ಒಣಗುತ್ತಿತ್ತು. ಕಾಲಲ್ಲಿ ಜೋಳ ಹರಗುತ್ತಿದ್ದ ತೀರ್ಥೇಶ ಅವಳನ್ನು ಕಂಡು ನಿಂತೇಬಿಟ್ಟ. ಜಗಲಿಯಲ್ಲಿ ಅವನಪ್ಪ ಜಟ್ಟಪ್ಪ ಟವೆಲ್ ಮುಸುಕು ಹಾಕಿ ಮಲಗಿದ್ದರು.

"ಬಸ್ಸಿನಾಗೆ ಕಳಿಸಿದ್ರೆ ಆಗ್ತಿತ್ತಲ್ರೀ."

"ಆಗ್ತಿತ್ತು."

"ಮತ್ತೆ? ಚೀಟಿ ಗೀಟಿ ಮರೆತ್ರಾ?"

"ಚೀಟಿ ಅಲ್ಲ. ಒಂದು ಮಾತು ಹೇಳೋದು ಮರೆತಿದ್ದೆ." ಅವಳು ರವಿಕೆಯ ಪೊಟ್ಟಣವನ್ನು ಎದೆಗವಚಿಕೊಂಡಳು. "ನಾನು ಒಂದು ಹೆಸರಿಟ್ರೆ ಸಂಜೆಯೊಳಗೆ ಅದು ಊರಿನದಾಗುತ್ತೆ ಮಾರಾಯ್ರೇ. ಯಾರ್ಯಾರೋ ಕರೀತಾರೆ. ನಿಮ್ಮದನ್ನ... ಇನ್ಯಾರೂ ಕರೀಬಾರ್ದು ಅನ್ನಿಸ್ತು. ಅದಕ್ಕೇ ಬರೀಲಿಲ್ಲ."

ತೀರ್ಥೇಶನ ಕಾಲಡಿಯ ಜೋಳ ಸರಕ್ಕೆಂದಿತು.

"ಅಂದ್ರೆ... ಇಟ್ಟೀಯಾ?"

"ಮೊದಲನೇ ದಿನವೇ. ಬೈಯೋಕೆ ಬಂದು, ನಗು ತಡೆಯೋಕಾಗದೆ ಬಾಗಿಲಿಗೆ ಒರಗಿದ್ರಲ್ಲ... ಆವಾಗ್ಲೇ."

"ಹೂಂ!"

ಇಬ್ಬರೂ ಬೆಚ್ಚಿ ತಿರುಗಿದರು. ಬಾಗಿಲಲ್ಲಿ ದುರ್ಗಮ್ಮ! ಯಾವಾಗಿನಿಂದ ನಿಂತಿದ್ದಳೋ... ನಾಗವೇಣಿ ಕಣ್ಣು ಮುಚ್ಚಿ ಗುಡುಗಿಗೆ ಕಾದಳು.

ಗುಡುಗಲಿಲ್ಲ.

"ನಾನೂ ಇವ್ರಿಗೊಂದು ಹೆಸರಿಟ್ಟೀನಿ ತಂಗೀ," ದುರ್ಗಮ್ಮ ಜಗಲಿಯ ಕಡೆ ನೋಡುತ್ತ ಮೆಲ್ಲಗೆ ಅಂದಳು. "ಮದುವೆಯಾದ ವರ್ಷ ಇಟ್ಟಿದ್ದು. ಇವತ್ತಿಗೂ ಈ ಮಗಂಗೂ ಗೊತ್ತಿಲ್ಲ."

ಮುಸುಕಿನೊಳಗಿಂದ ಜಟ್ಟಪ್ಪ ಕೆಮ್ಮಿದರು. "ಅದನ್ನ ಕರೆಯುವಾಗ ಮಾತ್ರ ಇವ್ಳ ದನಿ ಸಣ್ಣದಾಗ್ತೈತಿ ಕಣವ್ವಾ."

"ಸುಮ್ನೆ ಮಲಗ್ರೀ!" ಮುಖ ಕೆಂಪಾದ ದುರ್ಗಮ್ಮನ ಗುಡುಗು ಮರಳಿತು. "ಅಲ್ಲಲ್ಲ, ಏಳ್ರೀ! ಶಿಕಾರಿಪುರದೋರಿಗೆ ಫೋನ್ ಮಾಡಿ, ತಪ್ಪಾಯ್ತು ಅನ್ರಿ! ನಾಳೆ ಈ ರವಿಕೆ ತೊಟ್ಟು ನಾನು ಕುಪ್ಪಗಡ್ಡೆಗೆ ಹೆಣ್ಣು ಕೇಳಾಕೆ ಹೋಗಾಕಿ!"

"ಮಗನ್ನ ಒಂದ್ಮಾತು ಕೇಳೇ..."

"ಅವನ್ನೇನು ಕೇಳೋದು? ಹದಿನೈದು ದಿನದಿಂದ ರೊಟ್ಟಿ ಮುರಿದು ಮುರಿದು ತಟ್ಟೆಯಾಗೇ ಬಿಡ್ತಾನೆ!"

ಎದುರು ಮನೆಯವರು ಆಗಲೇ ಹೊರಗೆ ಬಂದು ನಿಂತಿದ್ದರು. ನಾಗವೇಣಿ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ.

ಬಸ್ಸಿಗೆ ಬಿಡಲು ಬಂದ ತೀರ್ಥೇಶ ದಾರಿಯಲ್ಲಿ ಆಟೋ ನಿಲ್ಲಿಸಿದ.

"ಈಗಾದ್ರೂ ಹೇಳು... ಏನದು?"

ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಆಮೇಲೆ ಬಾಗಿ ಅವನ ಕಿವಿಯಲ್ಲಿ ಹೇಳಿದಳು. ನಮಗೂ ಕೇಳಿಸಲಿಲ್ಲ. ಅವನ ಕಿವಿ ಕೆಂಪಾದದ್ದಷ್ಟೇ ಕಂಡಿತು.

"ಇನ್ನೊಂದ್ಸಲ..."

"ಉಹೂಂ. ನಾಳೆ ಕುಪ್ಪಗಡ್ಡೆಗೆ ಬನ್ನಿ, ಹೇಳ್ತೀನಿ."

"ಬರೋದು ಸ್ವಲ್ಪ ತಡ ಆದ್ರೆ?"

"ತಿಮ್ಮಮ್ಮಂಗೆ ಹೇಳಿಬಿಡ್ತೀನಿ!"

"ಬೇಡ! ಬೇಡ... ಬೆಳಕು ಹರಿಯೋ ಮೊದಲೇ ಬರ್ತೀನಿ ಮಾರಾಯ್ತೀ!"